ಶಾರ್ಟ್‌ಹ್ಯಾಂಡ್ ನೋಟ್‌ಬುಕ್ ಕೂಡಿಡುವವರು ಯಾರಾದರೂ ಇದ್ದೀರಾ? ಅತ್ತೆಯ 37 ನೋಟ್‌ಬುಕ್ ಬಗ್ಗೆ ಸಹಾಯ ಬೇಕು

ಅವೆನ್ಯೂ ರೋಡ್ ಅಲೆಮಾರಿ:

ನಮಸ್ಕಾರ. ನಾನು ಹನ್ನೆರಡು ವರ್ಷದಿಂದ ಹಳೇ ಶಾರ್ಟ್‌ಹ್ಯಾಂಡ್ (ಮಾತಿನ ವೇಗಕ್ಕೆ ಗೆರೆ, ಚುಕ್ಕೆಗಳಲ್ಲಿ ಬರೆಯುವ ಲಿಪಿ) ಪುಸ್ತಕ, ನೋಟ್‌ಬುಕ್ ಕೂಡಿಡುತ್ತಿದ್ದೇನೆ. ಹೆಚ್ಚಿನವು ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಸಿಕ್ಕಿದ್ದು. ಕೆಲವನ್ನು ರದ್ದಿ ಅಂಗಡಿಯವರು ಎತ್ತಿಟ್ಟು ಕೊಟ್ಟಿದ್ದಾರೆ. ಪಿಟ್‌ಮನ್ ಎಂಬ ಇಂಗ್ಲಿಷ್ ಶಾರ್ಟ್‌ಹ್ಯಾಂಡ್ ಪದ್ಧತಿಯ ಪಾಠಪುಸ್ತಕಗಳೇ ಜಾಸ್ತಿ. ಕೈಬರಹದ ನೋಟ್‌ಬುಕ್ ಸಿಗೋದು ಅಪರೂಪ. ಯಾಕೆಂದರೆ ಟೈಪ್ ಆದ ಮೇಲೆ ಆ ನೋಟ್‌ಬುಕ್ ಯಾರಿಗೂ ಬೇಡ. ಎಸೆಯುತ್ತಾರೆ.

ಹೋದ ತಿಂಗಳು ನಮ್ಮ ದೊಡ್ಡತ್ತೆಯ ಟ್ರಂಕ್ ನನ್ನ ಮನೆಗೆ ಬಂತು. ಅತ್ತೆ ಬೆಂಗಳೂರಿನ ಒಂದು ಕಚೇರಿಯಲ್ಲಿ 31 ವರ್ಷ ಸ್ಟೆನೋ ಆಗಿದ್ದರು, ಅಂದರೆ ಹೇಳಿದ್ದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು ಟೈಪ್ ಮಾಡುವ ಕೆಲಸ. ಮದುವೆ ಆಗಲಿಲ್ಲ. ಹೋದ ವರ್ಷ ತೀರಿಕೊಂಡರು. ಟ್ರಂಕಿನಲ್ಲಿ 37 ನೋಟ್‌ಬುಕ್ ಇವೆ. ನಡುವೆ ಉದ್ದ ಗೆರೆ ಎಳೆದಿರುವ, ಮೇಲ್ಗಡೆ ಮಡಚುವ ನೋಟ್‌ಬುಕ್‌ಗಳು. ಸಂಬಂಧಿಕರು ತೂಕಕ್ಕೆ ಹಾಕಲು ಹೊರಟಿದ್ದರು. ನಾನು ಬೇಡಿ ತಂದುಕೊಂಡೆ.

ನನಗೆ ಪಿಟ್‌ಮನ್ ಸ್ವಲ್ಪ ಬರುತ್ತದೆ. ಪಾಠಪುಸ್ತಕದ ಮಟ್ಟಕ್ಕೆ, ನಿಧಾನಕ್ಕೆ ಓದುತ್ತೇನೆ. 37ರಲ್ಲಿ ಸುಮಾರು 30 ಪುಸ್ತಕ ಕಚೇರಿಯ ಡಿಕ್ಟೇಶನ್ ಅಂತ ಗೊತ್ತಾಯಿತು. ಪತ್ರ, ಆದೇಶ, ಸಭೆಯ ನಡಾವಳಿ. ಉಳಿದ ಏಳು ಪುಸ್ತಕ ಮಾತ್ರ ಏನು ಮಾಡಿದರೂ ಬಿಡಿಸಲು ಆಗುತ್ತಿಲ್ಲ. ಔಟ್‌ಲೈನ್‌ಗಳು, ಅಂದರೆ ಒಂದೊಂದು ಪದಕ್ಕೆ ಎಳೆದ ಗೆರೆಗಳು, ಪಿಟ್‌ಮನ್ ಥರವೇ ಇವೆ. ಆದರೆ ಇಂಗ್ಲಿಷ್ ಪದ ಆಗಿ ಹೊರಬರುತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ನಾನು ಕಾಗದ ಕೂಡಿಟ್ಟೆ. ಓದುವವರನ್ನು ಹುಡುಕಲಿಲ್ಲ. ಅತ್ತೆ ಇದ್ದಾಗ ಎಷ್ಟೋ ಸಲ ಅವರ ಮನೆಯಲ್ಲಿ ಊಟ ಮಾಡಿದ್ದೇನೆ. ಒಂದು ದಿನವೂ ಪಕ್ಕದಲ್ಲಿ ಕೂತು ಒಂದು ಪುಟ ಓದಿಸಿಕೊಳ್ಳಲಿಲ್ಲ. ಅದು ಈಗ ಹೊಟ್ಟೆ ಉರಿಸುತ್ತಿದೆ. ಇಲ್ಲಿ ಹಳೇ ಸ್ಟೆನೋಗಳು ಇದ್ದರೆ ದಯವಿಟ್ಟು ಮಾತಾಡಿ.

ಧಾರವಾಡದ ಹಳೇ ಸ್ಟೆನೋ:

ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ನೆ ಕೂತೆ. ನಾನು ಕೋರ್ಟಿನಲ್ಲಿ 34 ವರ್ಷ ಸ್ಟೆನೋ. ಇಂಗ್ಲಿಷ್ ನಿಮಿಷಕ್ಕೆ 120 ಪದ ಪಾಸಾದವನು. ಕನ್ನಡ ಶೀಘ್ರಲಿಪಿ (ಕನ್ನಡಕ್ಕೇ ಮಾಡಿದ ಶಾರ್ಟ್‌ಹ್ಯಾಂಡ್) ಆಮೇಲೆ ಕಲಿತೆ.

ಮೊದಲು ಅದು ನಿಜವಾಗಿ ಪಿಟ್‌ಮನ್ ಹೌದೋ ಅಲ್ಲವೋ ನೋಡಿ. ಪಿಟ್‌ಮನ್‌ನಲ್ಲಿ ತೆಳು ಗೆರೆ, ದಪ್ಪ ಗೆರೆ ಎರಡೂ ಇರಬೇಕು. ತೆಳು ಓರೆ ಗೆರೆ ಎಳೆದರೆ ಪ. ಅದೇ ಗೆರೆ ಒತ್ತಿ ಎಳೆದರೆ ಬ. ನೆಟ್ಟಗೆ ತೆಳುವಾಗಿ ನಿಂತರೆ ಟ, ದಪ್ಪಗಾದರೆ ಡ. ಅಡ್ಡ ಮಲಗಿದರೆ ಕ, ದಪ್ಪ ಅಡ್ಡ ಗೆರೆ ಗ. ಸ್ವರಗಳು ಪಕ್ಕದಲ್ಲಿ ಚುಕ್ಕೆ ಮತ್ತು ಸಣ್ಣ ಗೀಟು. ಗ್ರೆಗ್ ಎಂಬ ಇನ್ನೊಂದು ಪದ್ಧತಿ ಆದರೆ ದಪ್ಪ ತೆಳು ಇರೋದಿಲ್ಲ. ಎಲ್ಲ ಒಂದೇ ತೂಕದ ಗೆರೆ, ಸ್ವರಗಳಿಗೆ ಸಣ್ಣ ದೊಡ್ಡ ಸೊನ್ನೆ, ಕೊಕ್ಕೆ. ನಮ್ಮ ಕಡೆ ಗ್ರೆಗ್ ಬಹಳ ಕಡಿಮೆ. ಅದು ಅಮೆರಿಕದಲ್ಲಿ ಬೆಳೆದದ್ದು.

ಬಾಲ್ ಪೆನ್ನಿನಲ್ಲಿ ಬರೆದಿದ್ದರೆ ಕಷ್ಟ. ದಪ್ಪ ತೆಳು ಕಾಣೋದಿಲ್ಲ. ಆದರೆ ಕೈ ಒತ್ತಿದ ಗುರುತು ಕಾಗದದ ಹಿಂದೆ ಇರುತ್ತದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಪುಟದ ಅಂಚಿನಿಂದ ಅಡ್ಡಡ್ಡ ಬಿಡಿ. ಒತ್ತಿದ ಗೆರೆಯ ನೆರಳು ಬೀಳುತ್ತದೆ. ನಾವು ಹಿಂಗೇ ಓದುತ್ತಿದ್ದೆವು.

ಇನ್ನೊಂದು ಸಂಗತಿ ನನಗೆ ಮೊದಲ ತಿಂಗಳಲ್ಲೇ ಬೆರಗು ಹುಟ್ಟಿಸಿತ್ತು. ಪಿಟ್‌ಮನ್ ಪಾಠದ ಅಕ್ಷರಗಳ ಸಾಲು ನೋಡಿ. ಪ ಬ, ಟ ಡ, ಚ ಜ, ಕ ಗ. ತುಟಿಯಿಂದ ಗಂಟಲಿಗೆ ಹೋಗುತ್ತದೆ. ನಮ್ಮ ವರ್ಣಮಾಲೆ ಗಂಟಲಿಂದ ತುಟಿಗೆ ಬರುತ್ತದೆ. ಕ ಚ ಟ ತ ಪ. ಅದೇ ದಾರಿ, ಎದುರು ದಿಕ್ಕು. ಇಂಗ್ಲಿಷ್ ಸ್ಪೆಲ್ಲಿಂಗಿಗೆ ಹೆದರಿ ಬಂದಿದ್ದ ನಮ್ಮ ಹುಡುಗರು ಶಾರ್ಟ್‌ಹ್ಯಾಂಡ್ ಬೇಗ ಹಿಡಿಯುತ್ತಿದ್ದರು. ಉಚ್ಚಾರ ಇದ್ದ ಹಾಗೆ ಬರೆಯೋದು ನಮಗೆ ಬಾಲವಾಡಿಯಿಂದ ಗೊತ್ತು, ಅಲ್ವಾ?

ಆ ಏಳು ಪುಸ್ತಕಗಳ ಒಂದೊಂದು ಪುಟ ಫೋಟೋ ಹಾಕಿ. ನೋಡೋಣ.

ಬಾತ್ ಊರಿನ ಕನ್ನಡತಿ:

ನಾನು ಇಂಗ್ಲೆಂಡಿನ ಬಾತ್‌ನಲ್ಲಿ ಇದ್ದೇನೆ. ಐಸಾಕ್ ಪಿಟ್‌ಮನ್ ಬಾಳಿ ಬದುಕಿದ ಊರು ಇದು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಟ್‌ಮನ್ ಸಂಗ್ರಹವೇ ಇದೆ. ಅವರು ಹುಟ್ಟಿದ್ದು ಹತ್ತಿರದ ಟ್ರೋಬ್ರಿಜ್‌ನಲ್ಲಿ, 1813ರಲ್ಲಿ. ಶಾಲಾ ಮೇಷ್ಟ್ರು. 1837ರಲ್ಲಿ ತಮ್ಮ ಪದ್ಧತಿಯ ಮೊದಲ ಪುಸ್ತಕ ತಂದರು. ಬೆಲೆ ನಾಲ್ಕು ಪೆನಿ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನಿಗೆ ಕಾಗದ ಕಳಿಸುವ ಅಂಚೆ ಶುರುವಾಯಿತು. ಪಿಟ್‌ಮನ್ ಅದನ್ನು ತಕ್ಷಣ ಹಿಡಿದುಕೊಂಡರು. ಪಾಠವನ್ನು ಒಂದೇ ಹಾಳೆಗೆ ಇಳಿಸಿ ಅಂಚೆಯಲ್ಲಿ ಕಳಿಸಿದರು. ಕಲಿಯುವವರು ಅಭ್ಯಾಸ ಬರೆದು ವಾಪಸ್ ಕಳಿಸಿದರೆ ತಿದ್ದಿ ಕೊಡುತ್ತಿದ್ದರು. ಅಂಚೆ ತೆರಪಿನ ಶಿಕ್ಷಣ ಅಂತ ನಾವು ಹೇಳುವುದಕ್ಕೆ ಎಷ್ಟು ಹಳೇ ಬೇರು ನೋಡಿ.

ಕೂಡಿಡುವವರಿಗೆ ಈ ಕಾಲದ ಒಂದು ವಸ್ತು ಹೇಳಲೇಬೇಕು. ಪಿಟ್‌ಮನ್ ಕಲಿತವರು ಸಣ್ಣ ಗುಂಪು ಕಟ್ಟಿಕೊಂಡು ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಒಂದೇ ಪ್ರತಿ. ಅದು ಅಂಚೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಿತ್ತು. ಕೈಗೆ ಬಂದವರು ಓದಿ, ತಮ್ಮದೊಂದು ಬರಹ ಸೇರಿಸಿ, ಮುಂದಕ್ಕೆ ಕಳಿಸಬೇಕು. ನಿಲ್ಲದೆ ಸುತ್ತುವ ಪತ್ರಿಕೆ ಎಂಬ ಅರ್ಥದ ಹೆಸರೇ ಅದಕ್ಕಿತ್ತು. ಅಂಥದೊಂದು ಸಿಕ್ಕರೆ ಹತ್ತಾರು ಜನರ ಕೈ ಒಂದೇ ಕಟ್ಟಿನಲ್ಲಿ ಸಿಕ್ಕ ಹಾಗೆ.

ಆವೃತ್ತಿಯ ಬಗ್ಗೆಯೂ ಎಚ್ಚರ ಇರಲಿ. ಪಿಟ್‌ಮನ್ ತಮ್ಮ ಪದ್ಧತಿಯನ್ನು ತಿದ್ದುತ್ತಲೇ ಇದ್ದರು. 1857ರ ಹೊತ್ತಿಗೆ ಸ್ವರಗಳ ಜಾಗವನ್ನೇ ತಲೆಕೆಳಗು ಮಾಡಿದರು. ಅವರ ತಮ್ಮ ಬೆನ್ ಪಿಟ್‌ಮನ್ ಆ ಹೊತ್ತಿಗೆ ಅಮೆರಿಕಕ್ಕೆ ಹೋಗಿ ಸಿನ್ಸಿನಾಟಿಯಲ್ಲಿ ಪಾಠ ಮಾಡುತ್ತಿದ್ದರು. ಅವರು ಹಳೇ ಕ್ರಮವನ್ನೇ ಉಳಿಸಿಕೊಂಡರು. ಹಾಗಾಗಿ ಒಂದೇ ಚುಕ್ಕೆ, ಒಂದೇ ಜಾಗ. ಅಣ್ಣನ ಹೊಸ ಪುಸ್ತಕದಲ್ಲಿ ಒಂದು ಸ್ವರ, ತಮ್ಮನ ಪುಸ್ತಕದಲ್ಲಿ ಇನ್ನೊಂದು. ನಿಮ್ಮ ಅತ್ತೆ ಕಲಿತದ್ದು ಹೆಚ್ಚುಕಡಿಮೆ ಖಂಡಿತ 1922ರ ನ್ಯೂ ಎರಾ ಆವೃತ್ತಿ ಇರಬೇಕು. ಭಾರತದ ಇನ್‌ಸ್ಟಿಟ್ಯೂಟ್‌ಗಳಲ್ಲಿ ಅದೇ ನಡೆಯುತ್ತಿದ್ದದ್ದು.

ಹೋದ ಬೇಸಿಗೆಯಲ್ಲಿ ಕೇಂಬ್ರಿಜ್‌ಗೆ ಹೋಗಿ ಮಾಡ್ಲಿನ್ ಕಾಲೇಜಿನ ಪೀಪ್ಸ್ ಲೈಬ್ರರಿ ನೋಡಿಬಂದೆ. ಇಂಗ್ಲೆಂಡಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮುಯೆಲ್ ಪೀಪ್ಸ್ ಡೈರಿ ಬರೆದದ್ದು 1660ರ ಜನವರಿ 1ರಿಂದ 1669ರ ಮೇ 31ರವರೆಗೆ. ಲಂಡನ್ನಿನ ಪ್ಲೇಗು, ಊರು ಸುಟ್ಟ ಬೆಂಕಿ, ಮನೆಯ ಜಗಳ, ಹೊಟ್ಟೆನೋವು, ಎಲ್ಲ ಇದೆ. ಹೆಚ್ಚುಕಡಿಮೆ ಪೂರ್ತಿ ಶಾರ್ಟ್‌ಹ್ಯಾಂಡ್. ಥಾಮಸ್ ಶೆಲ್ಟನ್ ಎಂಬವರ ಪದ್ಧತಿ. ಅದರಲ್ಲಿ ನಡುವಿನ ಸ್ವರ ಬರೆಯುವುದೇ ಇಲ್ಲ. ಮುಂದಿನ ವ್ಯಂಜನವನ್ನು ಹಿಂದಿನದರ ಮೇಲೆ, ಪಕ್ಕ, ಕೆಳಗೆ ಎಲ್ಲಿ ಇಡುತ್ತೀರೋ ಅದೇ ಸ್ವರ.

ಪೀಪ್ಸ್ ತೀರಿಕೊಂಡು ನೂರು ವರ್ಷದ ಮೇಲಾದರೂ ಆ ಆರು ಸಂಪುಟ ಯಾರೂ ಓದಿರಲಿಲ್ಲ. 1819ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಗೆ ಆ ಕೆಲಸ ಕೊಟ್ಟರು. ಮೂರು ವರ್ಷ ಕೂತು, ಒಂದೊಂದೇ ಗುರುತು ಒಡೆದು, ಪೂರ್ತಿ ಬಿಡಿಸಿದರು. ಶೆಲ್ಟನ್ ಬರೆದ ಪಾಠಪುಸ್ತಕ ಅದೇ ಲೈಬ್ರರಿಯ ಕಪಾಟಿನಲ್ಲಿತ್ತು. ಪೀಪ್ಸ್ ತಮ್ಮ ಪುಸ್ತಕಗಳ ಜೊತೆ ಅದನ್ನೂ ಬಿಟ್ಟುಹೋಗಿದ್ದರು. ಸ್ಮಿತ್‌ಗೆ ಅದು ಗೊತ್ತೇ ಆಗಲಿಲ್ಲ. ಆ ಕಪಾಟಿನ ಮುಂದೆ ನಿಂತಾಗ ನನಗೆ ನಿಜವಾಗಿ ಕಣ್ಣು ತುಂಬಿ ಬಂತು.

ಅದಕ್ಕೇ ಹೇಳುತ್ತೇನೆ. ಅತ್ತೆಯ ಟ್ರಂಕಿನಲ್ಲಿ ಬೇರೆ ಏನೇನಿದೆ? ಪಾಠಪುಸ್ತಕ, ಅಭ್ಯಾಸದ ಹಾಳೆ, ಚೀಟಿ ಯಾವುದನ್ನೂ ಬಿಸಾಡಬೇಡಿ.

ಕೋಡ್ ಬರೆಯೋ ಹುಡುಗ:

ಕ್ಷಮಿಸಿ, ನನಗೆ ಶಾರ್ಟ್‌ಹ್ಯಾಂಡ್ ಬರೋದಿಲ್ಲ. ಆದರೆ ವಿಷಯ ತುಂಬಾ ಹಿಡಿಸಿತು. ಈಗ ಕೈಬರಹ ಓದುವ ಕಂಪ್ಯೂಟರ್ ಪ್ರೋಗ್ರಾಮ್‌ಗಳು ಬಂದಿವೆಯಲ್ಲ. ಸ್ಕ್ಯಾನ್ ಮಾಡಿ ಕೊಟ್ಟರೆ ಓದಿಬಿಡುವುದಿಲ್ಲವೇ? ಮಾದರಿ ಸಿಕ್ಕರೆ ನಾನು ಪ್ರಯತ್ನ ಮಾಡಲು ಸಿದ್ಧ.

ಅವೆನ್ಯೂ ರೋಡ್ ಅಲೆಮಾರಿ:

ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಉಪಾಯ ನಿನ್ನೆ ರಾತ್ರಿಯೇ ಮಾಡಿದೆ. ಕೆಲಸ ಮಾಡಿತು! ಮಂಕಾಗಿ ಕಾಣುತ್ತಿದ್ದ ಪುಟದಲ್ಲಿ ದಪ್ಪ ಗೆರೆಗಳು ಎದ್ದು ಬಂದವು. ಏಳೂ ಪುಸ್ತಕದ ಒಂದೊಂದು ಪುಟ ಹಾಕಿದ್ದೇನೆ.

ಕೋಡ್ ಬರೆಯೋ ಹುಡುಗನಿಗೆ: ನಿಮ್ಮ ಸಹಾಯ ಖಂಡಿತ ಬೇಕು. ಆದರೆ ಒಂದು ತೊಡಕು ಇದೆ. ವೇಗವಾಗಿ ಬರೆಯುವಾಗ ಸ್ಟೆನೋಗಳು ಸ್ವರ ಹಾಕುವುದಿಲ್ಲ. ಮ ಮತ್ತು ನ ಮಾತ್ರ ಇದೆ ಅಂದುಕೊಳ್ಳಿ. ಅದು ಮನೆಯೋ, ಮಾನವೋ, ಮೀನೋ, ಮುನಿಯೋ, ಮೌನವೋ? ಓದುವವರು ಸಾಲಿನ ಅರ್ಥದಿಂದ ಹಿಡಿಯುತ್ತಾರೆ. ಜೊತೆಗೆ ಒಬ್ಬೊಬ್ಬರೂ ತಮ್ಮದೇ ಸಂಕ್ಷೇಪ ಮಾಡಿಕೊಳ್ಳುತ್ತಾರೆ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಹುಡುಗನಾಗಿದ್ದಾಗ ಗರ್ನಿ ಎಂಬ ಶಾರ್ಟ್‌ಹ್ಯಾಂಡ್ ಪದ್ಧತಿ ಕಲಿತು ಕೋರ್ಟು, ಪಾರ್ಲಿಮೆಂಟಿನ ವರದಿ ಮಾಡಿದವರು. ಮುಂದೆ ಅದನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಂಡರು. ಅವರದೊಂದು ಶಾರ್ಟ್‌ಹ್ಯಾಂಡ್ ಕಾಗದ ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರಿಗೂ ಓದಲಾಗಲಿಲ್ಲ. ಕೊನೆಗೆ ಸಂಶೋಧಕರು ಅದನ್ನು ಜನರ ಮುಂದಿಟ್ಟು 300 ಪೌಂಡ್ ಬಹುಮಾನ ಸಾರಿದರು. 2022ರಲ್ಲಿ ಹೆಚ್ಚಿನ ಭಾಗ ಬಿಡಿಸಿದ ಸುದ್ದಿ ಬಂತು. ಒಂದು ಪತ್ರಿಕೆ ಅವರ ಜಾಹೀರಾತನ್ನು ತೆಗೆದುಕೊಳ್ಳದೆ ವಾಪಸ್ ಕಳಿಸಿದ್ದರ ಬಗ್ಗೆ ಬರೆದ ಕಾಗದ ಅದು.

ಸ್ವೀಡನ್ನಿನ ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಕೂಡ ಸೆಕ್ರೆಟರಿ ಕೆಲಸ ಮಾಡಿದವರು. ಕಥೆಗಳ ಮೊದಲ ಕರಡನ್ನು ಶಾರ್ಟ್‌ಹ್ಯಾಂಡಿನಲ್ಲೇ ಬರೆಯುತ್ತಿದ್ದರು. ಅಂಥ ಸುಮಾರು 670 ಪುಸ್ತಕ ಉಳಿದಿವೆ. 2020ರಲ್ಲಿ ಅದನ್ನು ಓದುವ ದೊಡ್ಡ ಕೆಲಸ ಶುರುವಾಯಿತು. ಅಲ್ಲಿ ಕಂಪ್ಯೂಟರೂ ಇತ್ತು, ಅವರು ಬರೆಯುತ್ತಿದ್ದ ಮೆಲಿನ್ ಎಂಬ ಸ್ವೀಡಿಷ್ ಪದ್ಧತಿ ಬಲ್ಲ ಸ್ಟೆನೋಗಳೂ ಇದ್ದರು. ಕಂಪ್ಯೂಟರಿಗೆ ಕಲಿಸಲು ಮೊದಲು ಮನುಷ್ಯರು ಓದಿದ ಪುಟ ಬೇಕಲ್ಲವೇ. ನಮಗೂ ಅದೇ ದಾರಿ. ಮೊದಲು ಹತ್ತು ಪುಟ ಯಾರಾದರೂ ಓದಲಿ.

ಸ್ಕ್ಯಾನ್ ಬಗ್ಗೆ ಒಂದು ಎಚ್ಚರಿಕೆ. ಕಪ್ಪು ಬಿಳುಪಿನ ಜೆರಾಕ್ಸ್ ಮಾದರಿಯಲ್ಲಿ ಮಾಡಬೇಡಿ. ದಪ್ಪ ತೆಳು ಎಲ್ಲ ಒಂದೇ ಆಗಿಬಿಡುತ್ತದೆ. ಪ ಬ ಒಂದಾದರೆ ಇನ್ನೇನು ಉಳಿಯಿತು? ನಾನು ಬಣ್ಣದಲ್ಲೇ, 600 ಡಿಪಿಐ ಇಟ್ಟು ಮಾಡುತ್ತೇನೆ. ಪಿನ್ನು ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ತೆಗೆಯುತ್ತೇನೆ. ಲ್ಯಾಮಿನೇಶನ್ ಮಾತ್ರ ಯಾವತ್ತೂ ಇಲ್ಲ. ನನ್ನ ಹತ್ತಿರ ಒಂದು ಲ್ಯಾಮಿನೇಟ್ ಮಾಡಿದ ಪುಟ ಇದೆ. ಪ್ಲಾಸ್ಟಿಕ್ ಒಳಗೆ ಹಳದಿಯಾಗಿ ಪುಡಿಯಾಗುತ್ತಿದೆ. ತೆಗೆಯಲೂ ಆಗುತ್ತಿಲ್ಲ.

ತತ್ವಶಾಸ್ತ್ರದ ಮೇಷ್ಟ್ರು:

ಓದುವವರನ್ನು ಹುಡುಕಲಿಲ್ಲ ಅಂತ ನೀವು ಮೊದಲೇ ಬರೆದಿರಿ. ಆ ಮಾತಿಗೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಹೇಳುತ್ತೇನೆ.

ಎಡ್ಮಂಡ್ ಹುಸೆರ್ಲ್ ಜರ್ಮನಿಯ ದಾರ್ಶನಿಕರು. ಯೋಚಿಸುವುದೂ ಬರೆಯುವುದೂ ಅವರಿಗೆ ಒಂದೇ ಕೆಲಸ. ಅವರು ಬರೆಯುತ್ತಿದ್ದದ್ದು ಗಾಬೆಲ್ಸ್‌ಬರ್ಗರ್ ಎಂಬ ಜರ್ಮನ್ ಶಾರ್ಟ್‌ಹ್ಯಾಂಡಿನಲ್ಲಿ. 1834ರಲ್ಲಿ ಮ್ಯೂನಿಕ್‌ನಲ್ಲಿ ಹೊರಬಂದ ಪದ್ಧತಿ. ನೋಡಲು ಪಿಟ್‌ಮನ್ ಥರ ರೇಖಾಗಣಿತದ ಹಾಗಿಲ್ಲ, ಕೂಡಿಸಿ ಬರೆದ ಕೈಬರಹದ ಹಾಗೆ ಹರಿಯುತ್ತದೆ. ಗಣಿತಜ್ಞ ಗೋಡೆಲ್ ಕೂಡ ಇದರಲ್ಲೇ ಟಿಪ್ಪಣಿ ಬರೆದವರು. 1938ರ ಏಪ್ರಿಲ್‌ನಲ್ಲಿ ಹುಸೆರ್ಲ್ ಫ್ರೈಬುರ್ಗ್‌ನಲ್ಲಿ ತೀರಿಕೊಂಡಾಗ ಸುಮಾರು 40,000 ಶಾರ್ಟ್‌ಹ್ಯಾಂಡ್ ಪುಟಗಳು ಉಳಿದವು. ಅವರು ಯಹೂದಿ ಮನೆತನದವರು. ನಾಜಿಗಳ ಕೈಗೆ ಸಿಕ್ಕಿದ್ದರೆ ಒಂದು ಪುಟವೂ ಉಳಿಯುತ್ತಿರಲಿಲ್ಲ.

ಅದೇ ವರ್ಷ ಬೆಲ್ಜಿಯಂನಿಂದ ಹರ್ಮನ್ ವಾನ್ ಬ್ರೆಡಾ ಎಂಬ ಯುವ ಫ್ರಾನ್ಸಿಸ್ಕನ್ ಪಾದ್ರಿ ಅಲ್ಲಿಗೆ ಬಂದರು. ತಮ್ಮ ಪ್ರಬಂಧಕ್ಕೆ ಟಿಪ್ಪಣಿ ನೋಡಲು ಬಂದವರು ಆ ರಾಶಿ ನೋಡಿ ಬೆಚ್ಚಿದರು. ಎಲ್ಲವನ್ನೂ ಬರ್ಲಿನ್ನಿನ ಬೆಲ್ಜಿಯಂ ರಾಯಭಾರ ಕಚೇರಿಯ ಮೂಲಕ ದೇಶ ದಾಟಿಸಿ ಲೂವೆನ್‌ಗೆ ತಂದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನದು. ಹುಸೆರ್ಲ್ ಅವರ ಕೈ ಓದಬಲ್ಲವರು ಲೋಕದಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಇಬ್ಬರು ಹಳೆಯ ಸಹಾಯಕರು, ಓಯ್ಗನ್ ಫಿಂಕ್ ಮತ್ತು ಲುಡ್‌ವಿಗ್ ಲಾಂಡ್‌ಗ್ರೇಬೆ. ವಾನ್ ಬ್ರೆಡಾ ಅವರಿಬ್ಬರನ್ನೂ ಲೂವೆನ್‌ಗೆ ಕರೆಸಿಕೊಂಡರು. ಕೂತು ಓದಿ, ಟೈಪ್ ಮಾಡಿ ಅಂತ. ಪೆಟ್ಟಿಗೆಯ ಜೊತೆಗೆ ಓದುಗರನ್ನೂ ತಂದರು. ಆ ಕೆಲಸ ಆಗದಿದ್ದರೆ ಹುಸೆರ್ಲ್ ಅವರ ಎಷ್ಟೋ ಪುಸ್ತಕ ನಮಗೆ ಇರುತ್ತಲೇ ಇರಲಿಲ್ಲ.

ನಿಮ್ಮ ಅತ್ತೆಯ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದಾರಾ? ಒಂದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು? ಮೊದಲು ಅವರನ್ನು ಹುಡುಕಿ.

ಕರಾವಳಿಯ ಓದುಗ:

ನನ್ನದೊಂದು ಬೇರೆ ಮಾತು. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಅತ್ತೆ ಆ ಏಳು ಪುಸ್ತಕ ಬೇರೆಯವರು ಓದಬಾರದು ಅಂತಲೇ ಹಾಗೆ ಬರೆದಿರಬಹುದಲ್ಲವೇ? ಮನೆ ತುಂಬ ಜನ ಇರುವ ಕಡೆ ಒಬ್ಬ ಹೆಂಗಸಿಗೆ ಬೀಗ ಹಾಕುವ ಪೆಟ್ಟಿಗೆ ಸಿಗುವುದೇ ಕಷ್ಟ. ಶಾರ್ಟ್‌ಹ್ಯಾಂಡ್ ಅವರಿಗೆ ಆ ಬೀಗ ಆಗಿರಬಹುದು. ಪೀಪ್ಸ್ ತಮ್ಮ ಗುಟ್ಟಿನ ಸಂಗತಿಗಳನ್ನು ಶಾರ್ಟ್‌ಹ್ಯಾಂಡಿನ ಒಳಗೂ ಸ್ಪ್ಯಾನಿಶ್, ಫ್ರೆಂಚ್ ಪದ ಬೆರೆಸಿ ಮುಚ್ಚಿದ್ದರು. ಐಸಾಕ್ ನ್ಯೂಟನ್ 1662ರಲ್ಲಿ, ಹತ್ತೊಂಬತ್ತರ ಹುಡುಗನಾಗಿದ್ದಾಗ, ತಾನು ಮಾಡಿದ ಪಾಪಗಳ ಪಟ್ಟಿ ಬರೆದರು. ಅದೂ ಶೆಲ್ಟನ್ ಶಾರ್ಟ್‌ಹ್ಯಾಂಡ್. ಭಾನುವಾರ ರಾತ್ರಿ ಪೈ ಎಂಬ ತಿಂಡಿ ತಯಾರಿಸಿದ್ದು ಕೂಡ ಅದರಲ್ಲಿ ಪಾಪ. ದೇವರಿಗೂ ತನಗೂ ನಡುವೆ ಇಟ್ಟುಕೊಂಡ ಪುಟ ಅದು. ಇವತ್ತು ಲೋಕವೆಲ್ಲ ಓದುತ್ತಿದೆ. ನನಗೆ ಅದು ಸರಿ ಕಾಣುವುದಿಲ್ಲ.

ಧಾರವಾಡದ ಹಳೇ ಸ್ಟೆನೋ:

ಕರಾವಳಿಯವರ ಮಾತಿಗೆ ನನ್ನ ಪೂರ್ತಿ ಗೌರವ ಇದೆ. ಕೋರ್ಟಿನಲ್ಲಿ ನಾನು ಬರೆದುಕೊಂಡ ಎಷ್ಟೋ ಹೇಳಿಕೆಗಳು ಇವತ್ತಿಗೂ ನನ್ನ ಎದೆಯಲ್ಲಿವೆ. ಬಾಗಿಲು ಮುಚ್ಚಿ ಕೇಳಿದ ಸಾಕ್ಷಿಗಳು. ಆ ನೋಟ್‌ಬುಕ್ ಯಾವುದನ್ನೂ ನಾನು ಮನೆಗೆ ತಂದಿಲ್ಲ, ತರಲೂ ಬಾರದು. ಅಲೆಮಾರಿಯವರೇ, ಆ ಕಚೇರಿಯ 30 ಪುಸ್ತಕಗಳನ್ನು ಎಲ್ಲೂ ಹಾಕಬೇಡಿ. ಅದರಲ್ಲಿ ಬೇರೆಯವರ ಹೆಸರು, ವ್ಯವಹಾರ ಇರುತ್ತದೆ.

ಏಳು ಪುಸ್ತಕದ ವಿಷಯ ಬೇರೆ. ನಾನು ಮೊದಲ ಫೋಟೋ ನೋಡುವಾಗ ಮನಸ್ಸಿನಲ್ಲಿ ಒಂದು ಕಟ್ಟು ಹಾಕಿಕೊಂಡೆ. ಖಾಸಗಿ ಅನ್ನಿಸಿದ ಕ್ಷಣ ಓದು ನಿಲ್ಲಿಸಿ, ಕುಟುಂಬಕ್ಕೆ ಮಾತ್ರ ತಿಳಿಸಬೇಕು ಅಂತ.

ಎರಡು ಗಂಟೆ ಕೂತೆ. ಒಂದು ಪದವೂ ಇಂಗ್ಲಿಷಾಗಿ ಬರಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು. ಸಾಲುಗಳು ಪುಟದ ಅಂಚಿನವರೆಗೆ ಹೋಗುತ್ತಿಲ್ಲ. ಮೂರು ಸಾಲು, ಆಮೇಲೆ ಖಾಲಿ ಜಾಗ. ಮತ್ತೆ ಮೂರು ಸಾಲು. ಡಿಕ್ಟೇಶನ್ ಹಿಂಗೆ ಬರೆಯೋದಿಲ್ಲ. ಡೈರಿಯೂ ಹಿಂಗೆ ಬರೆಯೋದಿಲ್ಲ. ಬಾಯಿ ಬಿಟ್ಟು ಗೆರೆಗಳನ್ನು ಹಾಗೇ ಉಚ್ಚಾರ ಮಾಡಿದೆ. ಕನ್ನಡ!

ಕನ್ನಡ ಶೀಘ್ರಲಿಪಿ ಅಲ್ಲ ಇದು. ಇಂಗ್ಲಿಷ್ ಪಿಟ್‌ಮನ್ ಗೆರೆಯಲ್ಲೇ ಕನ್ನಡ ಬರೆದಿದ್ದಾರೆ. ಕೆಲವು ಗೆರೆ ನನಗೆ ಹತ್ತುತ್ತಿಲ್ಲ. ಲ ಅಕ್ಷರವನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಎಳೆದಿದ್ದಾರೆ. ಪಿಟ್‌ಮನ್‌ನಲ್ಲಿ ಎರಡೂ ಉಂಟು, ಆದರೆ ಅದಕ್ಕೆ ನಿಯಮ ಇದೆ. ಇವರು ಆ ನಿಯಮ ಪಾಲಿಸಿಲ್ಲ. ಏನೋ ತಮ್ಮದೇ ಲೆಕ್ಕ ಇದೆ.

ಬಾತ್ ಊರಿನ ಕನ್ನಡತಿ:

ಮೈ ಜುಮ್ಮೆಂದಿತು. ಒಂದು ಭಾಷೆಗೆ ಮಾಡಿದ ಗೆರೆಯಲ್ಲಿ ಇನ್ನೊಂದು ಭಾಷೆ ಬರೆದವರು ಬೇರೆ ಕಡೆಯೂ ಇದ್ದಾರೆ. ಕೆನಡಾದ ಕ್ಯಾಮ್‌ಲೂಪ್ಸ್‌ನಲ್ಲಿ ಲೆ ಜೂನ್ ಎಂಬ ಪಾದ್ರಿ ಫ್ರೆಂಚರ ಡ್ಯುಪ್ಲೊಯೆ ಶಾರ್ಟ್‌ಹ್ಯಾಂಡನ್ನು ಅಲ್ಲಿನ ಮೂಲನಿವಾಸಿಗಳ ನುಡಿಗೆ ಹೊಂದಿಸಿದರು. 1891ರಿಂದ ಅದರಲ್ಲೇ ಪತ್ರಿಕೆ ತಂದರು. ಜನ ಅದನ್ನು ತಮ್ಮ ಲಿಪಿ ಅಂತಲೇ ಕಲಿತು ಕಾಗದ ಬರೆದುಕೊಂಡರು. ಆ ಗುರುತುಗಳಿಗೆ 2014ರಲ್ಲಿ ಯೂನಿಕೋಡ್‌ನಲ್ಲೂ (ಕಂಪ್ಯೂಟರ್‌ಗಳು ಬಳಸುವ ಅಕ್ಷರಗಳ ಪಟ್ಟಿ) ಜಾಗ ಸಿಕ್ಕಿತು. ಪಿಟ್‌ಮನ್‌ಗೆ ಇನ್ನೂ ಸಿಕ್ಕಿಲ್ಲ.

ಅವೆನ್ಯೂ ರೋಡ್ ಅಲೆಮಾರಿ:

ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ಕನ್ನಡ ಅಂತ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ.

ಕರಾವಳಿಯವರ ಪ್ರಶ್ನೆಯನ್ನು ಮನೆಯಲ್ಲಿ ಅಪ್ಪನ ಮುಂದೆ ಇಟ್ಟೆ. ಅತ್ತೆ ಅವರ ಅಕ್ಕ. ಅಪ್ಪ ಹೇಳಿದರು, ಮೊದಲು ಅಕ್ಕನ ಗೆಳತಿಯನ್ನು ಕೇಳು, ಅವರು ಬೇಡ ಅಂದರೆ ಮುಚ್ಚಿಡು. ಆ ಗೆಳತಿ ಮೈಸೂರಿನಲ್ಲಿದ್ದಾರೆ. 79 ವರ್ಷ. ಇಬ್ಬರೂ ಒಂದೇ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. ಭಾನುವಾರ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೇನೆ.

ದಾರಿ ಕಾಯುವಾಗ ಒಂದು ಸಂಗತಿ ತಲೆಯಲ್ಲಿ ಸುತ್ತುತ್ತಿದೆ. ಸ್ವಾಮಿ ವಿವೇಕಾನಂದರ ಭಾಷಣಗಳು ಇವತ್ತು ನಮಗೆ ಓದಲು ಸಿಗುತ್ತಿರುವುದು ಬಹುಪಾಲು ಒಬ್ಬ ಸ್ಟೆನೋ ಕೈಯಿಂದ. ಜೆ. ಜೆ. ಗುಡ್‌ವಿನ್. ಇಂಗ್ಲೆಂಡಿನವರು. 1895ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೆಲಸಕ್ಕೆ ಸೇರಿದರು. ಅವರಿಗಿಂತ ಮೊದಲು ಬಂದವರಿಗೆ ಸ್ವಾಮೀಜಿಯ ಮಾತಿನ ಓಟ ಹಿಡಿಯಲು ಆಗಿರಲಿಲ್ಲ. ಗುಡ್‌ವಿನ್ ಹಿಡಿದರು. ಸ್ವಲ್ಪ ದಿನದಲ್ಲೇ ಸಂಬಳ ಬೇಡ ಅಂದರು. ಹಗಲು ಬರೆದು, ರಾತ್ರಿ ಟೈಪ್ ಮಾಡಿ, ಅಮೆರಿಕ, ಲಂಡನ್, ಆಮೇಲೆ ಭಾರತ, ಎಲ್ಲ ಕಡೆ ಜೊತೆಗೇ ಬಂದರು. 1898ರ ಜೂನ್ 2ರಂದು ಊಟಿಯಲ್ಲಿ ಜ್ವರದಿಂದ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಅವರ ಮೂಲ ಶಾರ್ಟ್‌ಹ್ಯಾಂಡ್ ನೋಟ್‌ಬುಕ್‌ಗಳು ಸಿಕ್ಕಿಲ್ಲ. ಗುಂಡ್ಲುಪೇಟೆ ದಾಟಿ ಊಟಿಗೆ ಎಷ್ಟು ಸಲ ಸುಮ್ನೆ ತಿರುಗಾಡಲು ಹೋಗಿದ್ದೇವೆ. ಅವರ ಸಮಾಧಿ ಅಲ್ಲಿದೆ ಅಂತ ನನಗೆ ಮೊನ್ನೆ ಮೊನ್ನೆಯವರೆಗೆ ಗೊತ್ತಿರಲಿಲ್ಲ.

ಅವೆನ್ಯೂ ರೋಡ್ ಅಲೆಮಾರಿ:

ಮೈಸೂರಿನಿಂದ ಬಂದೆ. ಬರೆಯಲು ಎರಡು ದಿನ ಬೇಕಾಯಿತು.

ಅತ್ತೆಯ ಗೆಳತಿ ಕನ್ನಡಕ ಹಾಕಿ, ಭೂತಗನ್ನಡಿ ಹಿಡಿದು, ಮೊದಲ ಪುಟ ನೋಡಿದರು. ಏನೂ ಹೇಳಲಿಲ್ಲ. ಬೆರಳಿಟ್ಟು ಸಾಲಿನ ಮೇಲೆ ಹೋದರು. ಆಮೇಲೆ ಹಾಡಲು ಶುರು ಮಾಡಿದರು.

ನನ್ನ ಅಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದಗಳು ಅವು. ಅತ್ತೆ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಅಜ್ಜಿಯ ಪಕ್ಕ ಕೂತು ಬರೆದುಕೊಂಡಿದ್ದಾರೆ. ಅಜ್ಜಿಗೆ ಹಾಡು ನಿಲ್ಲಿಸಿ ಹೇಳು ಅಂದರೆ ಹೇಳಲು ಬರುತ್ತಿರಲಿಲ್ಲವಂತೆ. ಕಲ್ಲು ತಿರುಗಿದರೆ ಮಾತ್ರ ಪದ ಬರುತ್ತಿತ್ತು. ಆ ಓಟಕ್ಕೆ ಮಾಮೂಲಿ ಬರವಣಿಗೆ ಸಾಲದು. ಅತ್ತೆಗೆ ಬರುತ್ತಿದ್ದದ್ದು ಇಂಗ್ಲಿಷ್ ಪಿಟ್‌ಮನ್ ಒಂದೇ. ಅದರಲ್ಲೇ ಹಿಡಿದಿದ್ದಾರೆ. ಗುಟ್ಟು ಏನೂ ಇರಲಿಲ್ಲ. ನಿವೃತ್ತಿ ಆದ ಮೇಲೆ ಬಿಡಿಸಿ ಬರೆಯುತ್ತೇನೆ ಅಂತ ಗೆಳತಿಗೆ ಹೇಳಿದ್ದರಂತೆ. ಆಮೇಲೆ ಕಣ್ಣು ಮಂಜಾಯಿತು.

ಧಾರವಾಡದ ಸರ್, ನೀವು ಕೇಳಿದ ಲ ಅಕ್ಷರದ ಲೆಕ್ಕ ಬಿಡಿಸಿದ್ದಾಯಿತು. ಮೇಲಕ್ಕೆ ಎಳೆದದ್ದು ಲ. ಕೆಳಕ್ಕೆ ಎಳೆದದ್ದು ಳ. ಇಂಗ್ಲಿಷಿನಲ್ಲಿ ಳ ಇಲ್ಲ, ಅದಕ್ಕೆ ಇಬ್ಬರೂ ಗೆಳತಿಯರು ಸೇರಿ ಇನ್‌ಸ್ಟಿಟ್ಯೂಟಿನ ದಿನಗಳಲ್ಲೇ ಮಾಡಿಕೊಂಡ ಉಪಾಯವಂತೆ. ಈ ಒಂದು ಮಾತು ಗೊತ್ತಿರುವವರು ಈಗ ಅವರೊಬ್ಬರೇ ಇದ್ದರು. ನಾನು ಅದನ್ನು ಬರೆದು, ದಿನಾಂಕ ಹಾಕಿ, ಮೊದಲ ನೋಟ್‌ಬುಕ್ಕಿನ ಜೊತೆ ಇಟ್ಟಿದ್ದೇನೆ. ಅವರು ಓದುವುದನ್ನೂ ಹಾಡುವುದನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ನಾಲ್ಕು ಪುಟ ಆಯಿತು. ಅವರಿಗೆ ಸುಸ್ತಾಗುತ್ತದೆ, ಅದಕ್ಕೆ ವಾರಕ್ಕೆ ಒಂದು ದಿನ, ಒಂದು ಗಂಟೆ ಅಂತ ಮಾತಾಗಿದೆ.

ಮೂರನೇ ಪುಟದ ಕೊನೆಯ ಸಾಲಿನಲ್ಲಿ ಒಂದು ಪದ ಅವರಿಗೂ ಹೊಳೆಯಲಿಲ್ಲ. ಬರೀ ಮ ಮತ್ತು ನ. ಸ್ವರ ಹಾಕಿಲ್ಲ. ಫೋಟೋ ಹಾಕಿದ್ದೇನೆ.

ಕರಾವಳಿಯ ಓದುಗ:

ಓದಿ ಕಣ್ಣು ಒದ್ದೆಯಾಯಿತು. ನಾನು ಹೇಳಿದ್ದು ನಿಮ್ಮ ಅತ್ತೆಯ ವಿಷಯದಲ್ಲಿ ತಪ್ಪಾಯಿತು, ಅದಕ್ಕೆ ಖುಷಿ ಇದೆ. ನೀವು ಕೇಳಿಯೇ ತೆರೆದಿರಿ, ಅದಕ್ಕೆ ಇನ್ನೂ ಜಾಸ್ತಿ ಖುಷಿ.

ನಮ್ಮ ಕಡೆ ಮಳೆಗಾಲದಲ್ಲಿ ಕಾಗದ ಉಳಿಯೋದು ಕಷ್ಟ. ಟ್ರಂಕನ್ನು ನೆಲದ ಮೇಲೆ ಇಡಬೇಡಿ, ಗೋಡೆಗೂ ತಾಗಿಸಬೇಡಿ. ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಿಡಿಯಿರಿ. ಬಿಸಿಲಿಗೆ ಬೇಡ.

ಕೋಡ್ ಬರೆಯೋ ಹುಡುಗ:

ಆ ನಾಲ್ಕು ಪುಟ ಮತ್ತು ರೆಕಾರ್ಡಿಂಗ್ ಕೊಟ್ಟರೆ ಒಂದೊಂದು ಗೆರೆಗೂ ಅದರ ಪದ ಜೋಡಿಸಿ ಪಟ್ಟಿ ಮಾಡಲು ಶುರು ಮಾಡುತ್ತೇನೆ. ಪಿಟ್‌ಮನ್ ಪಾಠಪುಸ್ತಕವೂ ಒಂದು ಬೇಕು. ಅವೆನ್ಯೂ ರೋಡಿನಲ್ಲಿ ಯಾವ ಅಂಗಡಿ ಅಂತ ಹೇಳಿ, ಶನಿವಾರ ಹೋಗುತ್ತೇನೆ.

ಧಾರವಾಡದ ಹಳೇ ಸ್ಟೆನೋ:

ಫೋಟೋ ನೋಡಿದೆ. ಔಟ್‌ಲೈನ್ ಪುಟದ ಅಚ್ಚುಗೆರೆಯ ಮೇಲೆ ಕೂತಿದೆ, ಅದಕ್ಕಿಂತ ಎತ್ತರದಲ್ಲಿ ಇಲ್ಲ. ಸ್ವರ ಹಾಕದಿದ್ದರೂ ಈ ಜಾಗವೇ ಮೊದಲ ಸ್ವರದ ಸುಳಿವು. ಮಾನ ಆಗಿದ್ದರೆ ಎತ್ತರದಲ್ಲಿ ಬರೆಯುತ್ತಿದ್ದರು. ಆ ಸ್ವರಕ್ಕೆ ಮೊದಲ ಜಾಗ. ಹಾಗಾಗಿ ಮಾನ ಅಲ್ಲ. ಮೀನು, ಮುನಿ ಆಗಿದ್ದರೆ ಗೆರೆಯನ್ನು ಸೀಳಿ ಬರೆಯಬೇಕಿತ್ತು ಅನ್ನಬಹುದು. ಆದರೆ ಮ ಮತ್ತು ನ ಎರಡೂ ಅಡ್ಡ ಮಲಗಿದ ಅಕ್ಷರ. ಅಂಥವು ಗೆರೆಯನ್ನು ಸೀಳುವುದಿಲ್ಲ, ಗೆರೆಯ ಮೇಲೇ ಕೂರುತ್ತವೆ. ಆದ್ದರಿಂದ ಮನೆ, ಮೀನು, ಮುನಿ, ಮೌನ, ನಾಲ್ಕೂ ಹೊಂದುತ್ತವೆ. ಗೆರೆಯಿಂದ ತೀರ್ಮಾನ ಆಗೋದಿಲ್ಲ.

ಹಿಂದಿನ ಔಟ್‌ಲೈನ್ ನೋಡಿ. ತ, ವ, ರ. ಕೊನೆಯ ರ ಮೇಲಕ್ಕೆ ಎಳೆದಿದ್ದಾರೆ, ಹಾಗಾದರೆ ಅದರ ಮುಂದೆ ಒಂದು ಸ್ವರ ಇದೆ. ತವರು. ಈಗ ಎರಡನ್ನೂ ಕೂಡಿಸಿ ಬಾಯಿ ಬಿಟ್ಟು ಹೇಳಿ. ತವರು ಮನೆ.

ಮುಂದಿನ ಪುಟ ಕಳಿಸಿ. ನಾನು ಮನೆಯಲ್ಲೇ ಇರುತ್ತೇನೆ.